ಬಿಳಿಯ ಗೆರೆಯ ಆಚೆ

ಕಳೆದ ಮಳೆಗಾಲದಲ್ಲಿ ಒಂದು ದಿನ, ಮಧ್ಯಾಹ್ನದ ವಿರಾಮದ ವೇಳೆಯಲ್ಲಿ, ಒಂಬತ್ತನೆಯ ಇಯತ್ತೆಯ ಹುಡುಗನೊಬ್ಬನು ನನ್ನ ಬಳಿಗೆ ಬಂದು ಒಂದು ದೂರನ್ನು ಹೇಳಿಕೊಂಡನು. ದೂರು ಸಹಪಾಠಿಯ ಮೇಲಲ್ಲ, ಉಪಾಧ್ಯಾಯರ ಮೇಲೆಯೂ ಅಲ್ಲ. ಒಂದು ಯಂತ್ರದ ಮೇಲೆ. ಹಿಂದಿನ ರಾತ್ರಿ ಅವನು ಅಂತರಜಾಲದ ಮೂಲಕ ಹತ್ತಾರು ಮಂದಿ ಅಪರಿಚಿತರೊಡನೆ ಮೋಟಾರು ಓಟದ ಆಟವನ್ನು ಆಡುತ್ತಿದ್ದನಂತೆ. ಕೊನೆಯ ಸುತ್ತಿನಲ್ಲಿ ಮೂರನೆಯವನಾಗಿದ್ದ ಇವನನ್ನು ಹಿಂದಿನಿಂದ ಬಂದವನೊಬ್ಬನು ತಿರುವಿನಲ್ಲಿ ಪಕ್ಕಕ್ಕೆ ತಳ್ಳಿದನು. ಇವನ ಕಾರು ಹಾದಿಯ ಅಂಚಿನ ಬಿಳಿಗೆರೆಯನ್ನು ದಾಟಿ ಆಚೆ ಹೋಯಿತು. ಒಡನೆಯೇ ತೆರೆಯ ಮೇಲೆ ಮೂರು ಸೆಕೆಂಡುಗಳ ದಂಡ ಮೂಡಿತು. ಮೂರನೆಯ ಸ್ಥಾನ ಏಳನೆಯದಾಯಿತು.

"ಸರ್, ಗೆರೆ ದಾಟಿದ್ದು ನಿಜ. ಆದರೆ ದಾಟಿಸಿದವನು ಬೇರೆ. ದಂಡ ಮಾತ್ರ ನನಗೆ. ಇದು ಯಾವ ನ್ಯಾಯ?" ಎಂದು ಅವನು ಕೇಳಿದನು.

ನಾನು ನಕ್ಕು, ಆಟವನ್ನು ಬಿಟ್ಟು ಬೀಜಗಣಿತವನ್ನು ಮಾಡೆಂದು ಹೇಳಿ ಕಳುಹಿಸಿದೆ. ಅದು ಸರಿಯಾದ ಉತ್ತರವಾಗಿರಲಿಲ್ಲವೆಂಬುದು ಅಂದು ಸಂಜೆ ಲೋಕಲ್ ಗಾಡಿಯಲ್ಲಿ ನಿಂತು ಮನೆಗೆ ಹೋಗುವಾಗ ಮನಸ್ಸಿಗೆ ಬಂದಿತು. ಮಗುವೊಂದು ನ್ಯಾಯದ ಪ್ರಶ್ನೆಯನ್ನು ಕೇಳಿದಾಗ ಅದು ಆಟದಲ್ಲಿ ಹುಟ್ಟಿತೆ, ಪಾಠದಲ್ಲಿ ಹುಟ್ಟಿತೆ ಎಂದು ನೋಡತಕ್ಕದ್ದಲ್ಲ. ಆದುದರಿಂದ ಮುಂದಿನ ಕೆಲವು ವಾರಗಳಲ್ಲಿ ನಿಜವಾದ ಮೋಟಾರು ಓಟಗಳ ನಿಯಮಗಳನ್ನೂ, ಗಣಕಯಂತ್ರದ ಮೇಲಿನ ಓಟಗಳ ನಿಯಮಗಳನ್ನೂ ಓದಿದೆ. ಆ ಹುಡುಗನ ಮನೆಗೆ ಹೋಗಿ ಅವನು ಆಡುವುದನ್ನೂ ಎರಡು ಸಂಜೆ ಕುಳಿತು ನೋಡಿದೆ. ತಿಳಿದುಕೊಂಡುದನ್ನು ಇಲ್ಲಿ ಬರೆಯುತ್ತಿದ್ದೇನೆ. ಬೀಜಗಣಿತವೂ ಇದರಲ್ಲಿ ಬಾರದೆ ಹೋಗಲಿಲ್ಲ.

ಮೊದಲು ಗೆರೆಯ ವಿಚಾರ. ಮೋಟಾರು ಓಟದ ಹಾದಿಯ ಎರಡು ಅಂಚುಗಳಲ್ಲಿಯೂ ಬಿಳಿಯ ಗೆರೆಗಳಿರುತ್ತವೆ. ಇವೇ ಹಾದಿಯ ಮೇರೆ. ಆಟಗಾರರು ಇದನ್ನು 'ಟ್ರ್ಯಾಕ್ ಲಿಮಿಟ್' ಎನ್ನುತ್ತಾರೆ. ಜಗತ್ತಿನ ಮೋಟಾರು ಓಟಗಳನ್ನು ಆಳುವ ಅಂತರರಾಷ್ಟ್ರೀಯ ಸಂಸ್ಥೆಯಾದ ಎಫ್.ಐ.ಎ.ಯ ಕಟ್ಟಳೆಯಂತೆ ಬಿಳಿಗೆರೆಯು ಹಾದಿಗೆ ಸೇರಿದುದು. ತಿರುವುಗಳಲ್ಲಿ ಅದರಾಚೆ ಇರುವ ಕೆಂಪು-ಬಿಳಿಯ ಅಂಚುಕಟ್ಟು ಸೇರಿದುದಲ್ಲ. ಕಾರಿನ ಯಾವ ಭಾಗವೂ ಹಾದಿಯನ್ನು ಮುಟ್ಟದೆ ಹೋದಾಗ ಮಾತ್ರ ಕಾರು ಹೊರಗೆ ಹೋಯಿತೆಂದು ಅರ್ಥ. ಅಂದರೆ ಮೂರು ಚಕ್ರಗಳು ಆಚೆ ಹೋಗಿ ಒಂದೇ ಒಂದು ಚಕ್ರ ಗೆರೆಯ ಮೇಲಿದ್ದರೂ ಅಪರಾಧವಿಲ್ಲ. ಕಾಲ್ಚೆಂಡಿನಾಟದಲ್ಲಿ ಚೆಂಡು ಪೂರ್ತಿಯಾಗಿ ಗೆರೆಯನ್ನು ದಾಟಿದ ಹೊರತು ಹೊರಗೆ ಹೋದಂತಲ್ಲವೆಂಬುದನ್ನು ನೀವು ಬಲ್ಲಿರಿ, ಇದೂ ಹಾಗೆಯೇ. ಕಬಡ್ಡಿಯ ನಿಯಮ ಇದಕ್ಕಿಂತ ಕಠಿಣ. ಅಲ್ಲಿ ಮೈಯ ಒಂದು ಭಾಗ ಮೇರೆಯ ಹೊರಗಿನ ನೆಲವನ್ನು ಮುಟ್ಟಿದರೂ ಆಟಗಾರನು ಔಟು.

ಇಷ್ಟು ಉದಾರವಾದ ನಿಯಮವಿದ್ದರೂ ಓಟಗಾರರು ಗೆರೆಯನ್ನು ದಾಟುವುದೇಕೆ? ದಾರಿತಪ್ಪಿ ಹೋಗುವವರು ಕೆಲವರು. ಲಾಭಕ್ಕಾಗಿ ಹೋಗುವವರೇ ಹೆಚ್ಚು. ಆ ಲಾಭವೇನೆಂಬುದನ್ನು ನಮ್ಮ ವಾರ್ಷಿಕ ಕ್ರೀಡೆಗಳ ಮೈದಾನದಿಂದಲೇ ಆರಂಭಿಸಿ ನೋಡೋಣ.

ವೃತ್ತಾಕಾರದ ಹಾದಿಯಲ್ಲಿ ಓಡುವವನು ಒಳಗಿನ ಅಂಚಿನಿಂದ ಒಂದು ಮೀಟರು ಹೊರಗೆ ಸರಿದು ಓಡಿದರೆ ಒಂದು ಸುತ್ತಿಗೆ ಎಷ್ಟು ಹೆಚ್ಚು ಓಡಬೇಕು? ತ್ರಿಜ್ಯ ಒಂದು ಮೀಟರು ಹೆಚ್ಚಿದರೆ ಪರಿಧಿಯು 2π ಮೀಟರು, ಎಂದರೆ ಸುಮಾರು 6.28 ಮೀಟರು ಹೆಚ್ಚುವುದು. ಸೋಜಿಗವೇನೆಂದರೆ ವೃತ್ತವು ದೊಡ್ಡದಾಗಿರಲಿ, ನಮ್ಮ ಬಾಡಿಗೆಯ ಮೈದಾನದಂತೆ ಇಕ್ಕಟ್ಟಾಗಿರಲಿ, ಈ 6.28 ಮೀಟರು ಬದಲಾಗುವುದಿಲ್ಲ. ದೊಡ್ಡ ಪಂದ್ಯಗಳ 400 ಮೀಟರ್ ಓಟದಲ್ಲಿ ಎರಡನೆಯ ಓಣಿಯವನು ಮೊದಲನೆಯವನಿಗಿಂತ 7.04 ಮೀಟರು ಮುಂದೆ ನಿಂತು ಹೊರಡುವುದು ಈ ಕಾರಣದಿಂದಲೇ. ಹಾಗಾದರೆ ತಿರುವಿನಲ್ಲಿ ಒಳಗೆರೆಯನ್ನು ತುಳಿದು ಒಳಕ್ಕೆ ಓಡಿದವನು ಕೆಲವು ಅಂಗುಲಗಳನ್ನು ಕದ್ದಂತಾಯಿತು. ಸೀಮೆಸುಣ್ಣದ ಗೆರೆಗೆ ಅಷ್ಟು ಬೆಲೆ ಬಂದುದು ಹೀಗೆ.

ಕಾರಿನ ಓಟದಲ್ಲಿ ದೂರವನ್ನು ಕದಿಯುವುದಕ್ಕಿಂತ ವೇಗವನ್ನು ಕದಿಯುವುದು ಹೆಚ್ಚು ಲಾಭಕರ. ತಿರುವು ಎಷ್ಟು ಅಗಲವಾದ ಬಿಲ್ಲಿನಂತಿದೆಯೋ ಅಷ್ಟು ವೇಗವಾಗಿ ಅದನ್ನು ದಾಟಬಹುದು. ಟಯರು ನೆಲವನ್ನು ಹಿಡಿಯುವ ಬಲವು ಕಾರಿನ ತೂಕದಷ್ಟೇ ಇದೆಯೆಂದು ಇಟ್ಟುಕೊಂಡರೆ, ವೇಗದ ವರ್ಗವು ಬಿಲ್ಲಿನ ತ್ರಿಜ್ಯವನ್ನು 9.8ರಿಂದ ಗುಣಿಸಿದಷ್ಟಾಗುತ್ತದೆ. ಈಗ ಸಮಕೋನದ ಒಂದು ತಿರುವನ್ನು ಕಲ್ಪಿಸಿಕೊಳ್ಳಿರಿ. ಹಾದಿಯ ಅಗಲ 12 ಮೀಟರು, ಒಳ ಅಂಚಿನ ತ್ರಿಜ್ಯ 20 ಮೀಟರು. ಲೆಕ್ಕದ ಸೌಕರ್ಯಕ್ಕಾಗಿ ಕಾರನ್ನು ಒಂದು ಚುಕ್ಕೆಯೆಂದೇ ತಿಳಿಯೋಣ. ಒಳ ಅಂಚನ್ನು ತಬ್ಬಿಕೊಂಡೇ ತಿರುಗುವವನು ಗಂಟೆಗೆ 50 ಕಿಲೋಮೀಟರಿಗಿಂತ ಹೆಚ್ಚು ವೇಗದಲ್ಲಿ ಹೋಗಲಾರ. ಹೊರ ಅಂಚಿನಿಂದ ಹೊರಟು, ತಿರುವಿನ ನಡುವೆ ಒಳ ಅಂಚನ್ನು ಸವರಿ, ಮತ್ತೆ ಹೊರ ಅಂಚಿಗೆ ಬರುವ ಜಾಣನ ಬಿಲ್ಲಿನ ತ್ರಿಜ್ಯ ಸುಮಾರು 61 ಮೀಟರು. ಅವನ ವೇಗ 88 ಕಿಲೋಮೀಟರು. ಇನ್ನೊಬ್ಬನು ತಿರುವಿಗೆ ಮೊದಲೂ ತಿರುವಾದ ಮೇಲೂ ಗೆರೆಯಿಂದ ಎರಡೇ ಮೀಟರು ಆಚೆಯ ನೆಲವನ್ನು ಬಳಸಿಕೊಂಡನೆನ್ನಿ. ಅವನ ತ್ರಿಜ್ಯ ಸುಮಾರು 68 ಮೀಟರಾಗುವುದು. ವೇಗ 93 ಕಿಲೋಮೀಟರಿನ ಹತ್ತಿರ ಬರುವುದು. ತ್ರಿಕೋನಮಿತಿಯನ್ನು ಕಲಿತವರು ಇದನ್ನು ತಾವೇ ಬಿಡಿಸಿ ನೋಡಬಹುದು. ಎರಡು ಮೀಟರಿಗೆ ಐದು ಕಿಲೋಮೀಟರು! ಮೇಲಾಗಿ ಆ ಐದು ಕಿಲೋಮೀಟರು ತಿರುವಿನಲ್ಲಿಯೇ ಮುಗಿಯದು. ತಿರುವಿನ ಮುಂದೆ ನೇರವಾದ ಹಾದಿಯಿದ್ದರೆ ಅದರ ಉದ್ದಕ್ಕೂ ಆ ಮುಂಗಡ ಹಣಕ್ಕೆ ಬಡ್ಡಿ ಬರುತ್ತ ಹೋಗುತ್ತದೆ. ಸುತ್ತಿಗೆ ಹತ್ತು ತಿರುವು, ಓಟಕ್ಕೆ ಎಪ್ಪತ್ತು ಸುತ್ತು ಎಂದು ಗುಣಿಸಿದರೆ ಪ್ರಾಮಾಣಿಕನಾದವನು ಎಷ್ಟು ಹಿಂದೆ ಬೀಳುವನೆಂಬುದನ್ನು ಹೇಳಬೇಕಾಗಿಲ್ಲ.

ಹಿಂದಿನ ಕಾಲದಲ್ಲಿ ಈ ಕಳವಿಗೆ ನೆಲವೇ ಶಿಕ್ಷೆ ಕೊಡುತ್ತಿದ್ದಿತು. ಗೆರೆಯ ಆಚೆ ಹುಲ್ಲು, ಜಲ್ಲಿ, ಇಲ್ಲವೆ ಗೋಡೆ. ಹುಲ್ಲಿನ ಮೇಲೆ ಟಯರು ಜಾರುವುದು, ಜಲ್ಲಿಯಲ್ಲಿ ಹೂತುಕೊಳ್ಳುವುದು; ಗೋಡೆಯ ವಿಚಾರವಂತೂ ಬೇಡವೇ ಬೇಡ. ಮೊನಾಕೊ ನಗರದ ಬೀದಿಗಳಲ್ಲಿ ನಡೆಯುವ ಓಟದಲ್ಲಿ ಇಂದಿಗೂ ಬಹುಪಾಲು ಹಾಗೆಯೇ. ಅಲ್ಲಿ ಉಕ್ಕಿನ ತಡೆಗಳೇ ಮೇರೆಯಾಗಿರುವುದರಿಂದ ಗೆರೆ ದಾಟಿದರೆಂಬ ತಕರಾರು ಅಪರೂಪ. ಆದರೆ ನೆಲ ಕೊಡುವ ಶಿಕ್ಷೆಗೆ ಮಿತಿಯಿರಲಿಲ್ಲ. ಸಣ್ಣ ತಪ್ಪಿಗೆ ಪ್ರಾಣವನ್ನೇ ತೆತ್ತವರು ಅನೇಕರು. ಆದಕಾರಣ ಅನೇಕ ಕಡೆಗಳಲ್ಲಿ ಹುಲ್ಲು ಜಲ್ಲಿಗಳನ್ನು ತೆಗೆದು ಅಗಲವಾದ ಡಾಂಬರಿನ ಬಯಲುಗಳನ್ನು ಮಾಡಿದರು. ಹಿಡಿತ ತಪ್ಪಿದವನು ಅಲ್ಲಿ ಬ್ರೇಕು ಹಾಕಿ ನಿಲ್ಲಬಹುದು. ಜೀವ ಉಳಿಯಿತು. ಆದರೆ ನಯವಾದ ಡಾಂಬರು ತಪ್ಪಿದವನಿಗೂ ಕಳ್ಳನಿಗೂ ಒಂದೇ ಬಗೆಯ ಆಶ್ರಯವನ್ನು ಕೊಟ್ಟಿತು. ನೆಲ ಮಾಡುತ್ತಿದ್ದ ಕೆಲಸವನ್ನು ಅಂದಿನಿಂದ ಪಂಚಾಯಿತಿಯೇ ಮಾಡಬೇಕಾಯಿತು.

ಆ ಪಂಚಾಯಿತಿಯ ಪಾಡನ್ನು ತಿಳಿಯಬೇಕಾದರೆ 2023ರ ಜುಲೈ 2ರಂದು ಆಸ್ಟ್ರಿಯ ದೇಶದಲ್ಲಿ ನಡೆದ ಫಾರ್ಮುಲಾ ಒನ್ ಓಟವನ್ನು ನೋಡಬೇಕು. ಅಲ್ಲಿನ ಹಾದಿಯ ಕೊನೆಯ ಎರಡು ತಿರುವುಗಳು, ಒಂಬತ್ತನೆಯದು ಮತ್ತು ಹತ್ತನೆಯದು, ಇಳಿಜಾರಿನಲ್ಲಿದ್ದು ಬಹು ವೇಗದವು, ಆಚೆ ಡಾಂಬರು. 71 ಸುತ್ತುಗಳ ಆ ಓಟದಲ್ಲಿ ಗೆರೆ ದಾಟಿರಬಹುದೆಂಬ ಅನುಮಾನದ ಪ್ರಸಂಗಗಳು 1200ಕ್ಕೂ ಹೆಚ್ಚು! ಮೂರು ಸಲದವರೆಗೆ ಎಚ್ಚರಿಕೆ, ನಾಲ್ಕನೆಯದಕ್ಕೆ 5 ಸೆಕೆಂಡು ದಂಡ ಎಂಬುದು ಅಲ್ಲಿನ ಕ್ರಮ. ಚಿತ್ರಗಳನ್ನು ಒಂದೊಂದಾಗಿ ನೋಡುವವರಿಗೆ ಓಟ ಮುಗಿಯುವುದರೊಳಗೆ ನೋಡಿ ಪೂರೈಸಲಾಗಲಿಲ್ಲ. ಬೇರೊಂದು ತಂಡ ಆಕ್ಷೇಪಣೆ ಎತ್ತಿದ ಮೇಲೆ ಮತ್ತೆ ಕುಳಿತು ನೋಡಿ, ಬಹುಮಾನಗಳನ್ನು ಹಂಚಿ ಗಂಟೆಗಳು ಕಳೆದ ಬಳಿಕ ಎಂಟು ಮಂದಿಗೆ ಹೊಸದಾಗಿ ದಂಡ ವಿಧಿಸಿದರು. ನಾಲ್ಕನೆಯವನಾಗಿ ಮುಗಿಸಿದ್ದ ಕಾರ್ಲೋಸ್ ಸೈನ್ಸ್ ಆರನೆಯವನಾದನು. ಎಸ್ತಬಾನ್ ಒಕೋನ್ ಎಂಬವನಿಗೆ ಒಟ್ಟು 30 ಸೆಕೆಂಡು ಬಿದ್ದಿತು. ಅದೇ ವರ್ಷದ ಕೊನೆಯ ಓಟವಾದ ಅಬುಧಾಬಿಯಲ್ಲಿ, ಮನುಷ್ಯರು ನೋಡಬೇಕಾದ ಚಿತ್ರಗಳ ಸಂಖ್ಯೆಯನ್ನು ಕಡಿಮೆ ಮಾಡಲು, ಚಿತ್ರಗಳನ್ನು ತಾನೇ ಜರಡಿ ಹಿಡಿಯುವ ಗಣಕಯಂತ್ರವನ್ನು ಪರೀಕ್ಷೆಗೆ ಇಟ್ಟರು. ಆಸ್ಟ್ರಿಯದವರಾದರೋ 2024ರಲ್ಲಿ ಆ ಎರಡು ತಿರುವುಗಳ ಅಂಚಿಗೆ ಜಲ್ಲಿಯ ಪಟ್ಟಿಯನ್ನು ಹಾಕಿದರು. ಹಳೆಯ ಉಪಾಯವೇ ಮರಳಿ ಬಂದಿತು.

ಈಗ ನಮ್ಮ ಹುಡುಗನ ಕೋಣೆಗೆ ಬರೋಣ. ಗಣಕಯಂತ್ರದ ಓಟದಲ್ಲಿ ಜಲ್ಲಿಯೂ ಚಿತ್ರ, ಗೋಡೆಯೂ ಚಿತ್ರ. ಕಾರು ಪುಡಿಯಾದರೆ ಒಂದು ಗುಂಡಿಯನ್ನು ಒತ್ತಿದರೆ ಹೊಸ ಕಾರು. ಮೈಗೆ ಗಾಯವಿಲ್ಲ, ತಂದೆಯ ಜೇಬಿಗೆ ಖರ್ಚಿಲ್ಲ, ಭಯವೂ ಇಲ್ಲ. ಭಯವೇ ಇಲ್ಲದ ಕಡೆಯಲ್ಲಿ ಗೆರೆಯನ್ನು ಕಾಯುವವರಾರು? ನಿಯಮವೊಂದೇ. ನಿಜವಾದ ಹಾದಿಯಲ್ಲಿ ನೆಲಕ್ಕೆ ಸಹಾಯಕವಾಗಿ ಬಂದ ನಿಯಮವು ಇಲ್ಲಿ ನೆಲದ ಸ್ಥಾನದಲ್ಲಿಯೇ ಕುಳಿತುಕೊಳ್ಳಬೇಕಾಯಿತು. ರಾತ್ರಿ ಹಗಲು ಪ್ರಪಂಚದ ಮೂಲೆಮೂಲೆಗಳಲ್ಲಿ ನಡೆಯುತ್ತಿರುವ ಅಸಂಖ್ಯ ಓಟಗಳಿಗೆ ಒಬ್ಬೊಬ್ಬ ಪಂಚನನ್ನು ಕೂರಿಸುವುದೂ ಆಗದ ಮಾತು. ಪಂಚನೂ ಯಂತ್ರವೇ ಆಗಬೇಕು.

ಅದು ಕಾಯುವ ರೀತಿ ಸರಳ. ಯಂತ್ರದ ನೆನಪಿನಲ್ಲಿ ಹಾದಿಯ ಪ್ರತಿಯೊಂದು ತುಂಡಿಗೂ ಇದು ಡಾಂಬರು, ಇದು ಅಂಚುಕಟ್ಟು, ಇದು ಹುಲ್ಲು ಎಂಬ ಗುರುತಿರುತ್ತದೆ. ಚಕ್ರಗಳು ಯಾವ ತುಂಡಿನ ಮೇಲಿವೆ ಎಂಬುದನ್ನು ಅದು ಸೆಕೆಂಡಿಗೆ ಹತ್ತಾರು, ನೂರಾರು ಬಾರಿ ನೋಡುತ್ತಿರುತ್ತದೆ. ಒಬ್ಬಂಟಿಯಾಗಿ ಕಾಲದ ವಿರುದ್ಧ ಓಡುವಾಗ ಗೆರೆ ದಾಟಿದರೆ ಸಾಮಾನ್ಯವಾಗಿ ಆ ಸುತ್ತು ಲೆಕ್ಕಕ್ಕೆ ಬಾರದು, ಅಷ್ಟೇ. ಹಲವರೊಡನೆ ಓಡುವಾಗ ಬೇರೆ ಬೇರೆ ಆಟಗಳು ಬೇರೆ ಬೇರೆ ಶಿಕ್ಷೆಗಳನ್ನು ಇಟ್ಟುಕೊಂಡಿವೆ. 2022ರಲ್ಲಿ ಹೊರಬಂದ ಜಪಾನಿನ 'ಗ್ರಾನ್ ಟುರಿಸ್ಮೊ 7' ಎಂಬುದರಲ್ಲಿ ದಂಡ ಬಿದ್ದವನು ಹಾದಿಯ ಮೇಲೆ ಗುರುತು ಮಾಡಿದ ಒಂದು ಜಾಗಕ್ಕೆ ಬಂದಾಗ ಅವನ ಕಾರು ತಾನಾಗಿಯೇ ನಿಧಾನವಾಗುವುದು. ಸಾಲ ಅಲ್ಲಿ ತೀರುವುದು. 2008ರಲ್ಲಿ ಜನರಿಗೆ ತೆರೆದ ಅಮೆರಿಕದ 'ಐರೇಸಿಂಗ್' ಇನ್ನೂ ಸೂಕ್ಷ್ಮವಾದುದು. ಅಡ್ಡದಾರಿಯಿಂದ ಕಾಲವನ್ನು ಉಳಿಸಿಕೊಂಡೆಯೆಂದು ಕಂಡರೆ ಅದು 'ನಿಧಾನಿಸು' ಎಂದು ಆಜ್ಞೆ ಮಾಡುತ್ತದೆ. ವೇಗವನ್ನು ಇಳಿಸಿ, ಗಳಿಸಿದುದನ್ನು ಹಿಂದಿರುಗಿಸಿದರೆ ವ್ಯವಹಾರ ಮುಗಿಯಿತು. ಹಿಂದಿರುಗಿಸದಿದ್ದರೆ ದೊಡ್ಡ ದಂಡ. ಕದ್ದುದನ್ನು ಮರಳಿ ಕೊಡುವುದಕ್ಕೆ ಅವಕಾಶ ಕೊಡುವ ಈ ಕ್ರಮವು ನನಗೆ ಎಲ್ಲಕ್ಕಿಂತ ಹೆಚ್ಚು ಮೆಚ್ಚಿಗೆಯಾಯಿತು. ನಿಜವಾದ ಓಟದಲ್ಲಿಯೂ ಇದು ಉಂಟು. 2021ರ ಮಾರ್ಚ್ 28ರಂದು ಬಹರೈನಿನಲ್ಲಿ ಮ್ಯಾಕ್ಸ್ ವರ್ಸ್ಟಾಪನ್ ಗೆರೆಯ ಆಚೆಯಿಂದ ಲೂಯಿಸ್ ಹ್ಯಾಮಿಲ್ಟನ್‌ನನ್ನು ಹಿಂದೆ ಹಾಕಿದನು. ಮೊದಲನೆಯ ಸ್ಥಾನವನ್ನು ಕೂಡಲೆ ಬಿಟ್ಟುಕೊಡಬೇಕಾಯಿತು. ಕೊನೆಗೆ ಒಂದು ಸೆಕೆಂಡಿಗಿಂತ ಕಡಿಮೆ ಅಂತರದಲ್ಲಿ ಸೋತನು.

ಐರೇಸಿಂಗಿನಲ್ಲಿ ಇದಲ್ಲದೆ ಅಂಕಗಳ ಲೆಕ್ಕವೊಂದುಂಟು. ಹಾದಿಯಿಂದ ಹೊರಗೆ ಹೋದರೆ 1 ಅಂಕ, ಹಿಡಿತ ತಪ್ಪಿ ಗಿರಕಿ ಹೊಡೆದರೆ 2, ಇನ್ನೊಬ್ಬನಿಗೆ ಬಲವಾಗಿ ತಗಲಿದರೆ 4. ಇವು ಗೆಲುವಿನ ಅಂಕಗಳಲ್ಲ, ಕಳಂಕದ ಅಂಕಗಳು. ಇವು ಅತಿಯಾದರೆ ಓಟದಿಂದ ಹೊರಗೆ. ತಿಂಗಳುಗಟ್ಟಲೆ ಹೆಚ್ಚಾಗಿಯೇ ಇದ್ದರೆ ಮೇಲಿನ ದರ್ಜೆಯ ಪರವಾನೆ ಸಿಕ್ಕದು. ಈಗ ನಮ್ಮ ಹುಡುಗನು ಕೇಳಿದ ಪ್ರಶ್ನೆಯ ಹೃದಯಕ್ಕೆ ಬಂದೆವು. ಇಬ್ಬರು ತಗಲಿದರೆ ಈ ಅಂಕ ಯಾರಿಗೆ? ಇಬ್ಬರಿಗೂ. ತಪ್ಪು ಯಾರದೆಂದು ಯಂತ್ರ ಕೇಳುವುದೇ ಇಲ್ಲ. ಕೇಳದಂತೆಯೇ ಅದನ್ನು ಮಾಡಿದ್ದಾರೆ. ಹುಡುಗನು ಆಡುವ ಆಟ ಇದಲ್ಲ, ಬೇರೆ. ಆದರೆ ತತ್ತ್ವ ಒಂದೇ.

ಹೀಗೇಕೆ? ಇದಕ್ಕೆ ಉತ್ತರವನ್ನು ಹುಡುಕುತ್ತಿರುವಾಗ ನನಗೆ ಹೊಸದಾಗಿ ತಿಳಿದುಬಂದ ಸಂಗತಿ ಇದು. ಮುಂಬಯಿಯಲ್ಲಿ ಕುಳಿತವನ ಕಾರು ಎಲ್ಲಿದೆ ಎಂಬುದನ್ನು ಸಾಮಾನ್ಯವಾಗಿ ಮುಂಬಯಿಯ ಯಂತ್ರವೇ ಎಣಿಸುತ್ತದೆ. ಇನ್ನೊಂದು ದೇಶದಲ್ಲಿ ಕುಳಿತವನ ಕಾರನ್ನು ಆ ದೇಶದ ಯಂತ್ರ. ಎರಡೂ ಒಂದಕ್ಕೊಂದು ಸಮಾಚಾರವನ್ನು ಕಳುಹಿಸುತ್ತಿರುತ್ತವೆ. ಸಮಾಚಾರ ಬರುವುದಕ್ಕೆ ಹೊತ್ತು ಹಿಡಿಯುತ್ತದೆ. ಹತ್ತನೆಯ ಒಂದು ಸೆಕೆಂಡೆಂದರೆ ನಮಗೆ ಲೆಕ್ಕಕ್ಕಿಲ್ಲ. ಆದರೆ ಗಂಟೆಗೆ 200 ಕಿಲೋಮೀಟರು ವೇಗದಲ್ಲಿ ಹೋಗುವ ಕಾರು ಅಷ್ಟರಲ್ಲಿ ಐದೂವರೆ ಮೀಟರು ಮುಂದೆ ಹೋಗಿರುತ್ತದೆ. ಸಾಧಾರಣ ಕಾರೊಂದರ ಉದ್ದಕ್ಕಿಂತ ಇದು ಹೆಚ್ಚು. ಆದುದರಿಂದ ಎದುರಾಳಿಯ ಕಾರು ಈಗ ಎಲ್ಲಿರಬಹುದೆಂದು ಯಂತ್ರವು ಹಿಂದಿನ ವೇಗವನ್ನು ನೋಡಿ ಊಹಿಸಿ ತೋರಿಸುತ್ತದೆ. ಹೀಗಾಗಿ ಒಬ್ಬನ ತೆರೆಯ ಮೇಲೆ ಡಿಕ್ಕಿಯಂತೆ ಕಂಡುದು ಮತ್ತೊಬ್ಬನ ತೆರೆಯ ಮೇಲೆ ಕೂದಲೆಳೆಯಷ್ಟು ದೂರದಲ್ಲಿ ಹಾದುಹೋದಂತೆ ಕಾಣಲೂಬಹುದು. ಇಬ್ಬರೂ ಆಣೆ ಮಾಡಿ ಹೇಳಿಯಾರು. ಇಬ್ಬರ ಮಾತೂ ನಿಜವಾಗಿರಬಹುದು!

ಇಂತಹ ಕಡೆಯಲ್ಲಿ ತಳ್ಳಿದವನು ಯಾರು, ಬೇಕೆಂದು ತಳ್ಳಿದನೆ, ಬ್ರೇಕು ತಡವಾಯಿತೆ, ಮುಂದಿನವನೇ ಅಡ್ಡ ಬಂದನೆ ಎಂಬುದನ್ನು ಯಂತ್ರವು ಹೇಗೆ ನಿರ್ಣಯಿಸಬೇಕು? ಕೆಲವು ಆಟಗಳು ನಿರ್ಣಯಿಸಲು ಹೊರಟು, ತಳ್ಳಿಸಿಕೊಂಡವನಿಗೇ ದಂಡ ಹಾಕಿ ಬೈಗುಳ ತಿಂದಿರುವುದೂ ಉಂಟು. ಆದರೆ ನಿನ್ನ ಚಕ್ರ ಗೆರೆಯ ಯಾವ ಕಡೆಯಲ್ಲಿದೆ ಎಂಬುದು ಹಾಗಲ್ಲ. ಅದನ್ನು ನಿನ್ನ ಯಂತ್ರವೇ ಬಲ್ಲದು, ಊಹೆಯ ಸೋಂಕಿಲ್ಲ. ಇಡೀ ಓಟದಲ್ಲಿ ಯಂತ್ರಕ್ಕೆ ಸಂಶಯವಿಲ್ಲದೆ ತಿಳಿದಿರುವ ಸಂಗತಿ ಇದೊಂದೇ ಎಂದರೂ ಸಲ್ಲುವುದು. ಆದುದರಿಂದಲೇ ಅದು ಗೆರೆಯ ವಿಷಯದಲ್ಲಿ ಅಷ್ಟು ನಿಷ್ಠುರ. ತನಗೆ ಕಾಣುವುದನ್ನು ಮಾತ್ರ ಅದು ಶಿಕ್ಷಿಸುತ್ತದೆ. ಹುಡುಗನ ಹಿಂದಿದ್ದವನ ಮನಸ್ಸು ಅದಕ್ಕೆ ಕಾಣದು.

ಇದನ್ನು ನ್ಯಾಯವೆನ್ನಬಹುದೆ? ಇದನ್ನು ರಚಿಸಿದವರ ಸಮಾಧಾನವೊಂದುಂಟು. ಐರೇಸಿಂಗಿನಲ್ಲಿ ಕಳಂಕದ ಅಂಕಗಳನ್ನು ಒಂದು ದಿನದ ಓಟದಿಂದ ಅಳೆಯುವುದಿಲ್ಲ. ಒಬ್ಬನು ದಾಟಿದ ತಿರುವುಗಳ ಸಂಖ್ಯೆಯೊಡನೆ ಹೋಲಿಸಿ ನೋಡುತ್ತಾರೆ. ನೂರಾರು ತಿರುವುಗಳನ್ನು ಶುದ್ಧವಾಗಿ ದಾಟಿದವನಿಗೆ ಪರರ ತಪ್ಪಿನಿಂದ ಬಂದ ನಾಲ್ಕು ಅಂಕಗಳು ಸಮುದ್ರಕ್ಕೆ ಬಿದ್ದ ಮಸಿಯ ಹನಿಯಂತೆ. ಅಲ್ಲದೆ, ತಳ್ಳುವವರು ಯಾರೆಂಬುದನ್ನು ಅನುಭವದಿಂದ ಅರಿತು, ಅಂಥವರಿಂದ ದೂರವಿರುವುದನ್ನು ಆಟಗಾರನು ಕಲಿಯುತ್ತಾನೆ. ಈ ಮಾತಿನಲ್ಲಿ ಹುರುಳಿದೆ. ಜನರ ನೂಕುನುಗ್ಗಲಿನ ಈ ನಗರದಲ್ಲಿ ಬದುಕುವ ನಾವು ಅದನ್ನು ಬಲ್ಲೆವು. ಆದರೂ ನಾನು ಅದನ್ನು ಅರ್ಧ ಮಾತ್ರ ಒಪ್ಪುತ್ತೇನೆ. ವರ್ಷದ ಸರಾಸರಿಯಲ್ಲಿ ಸರಿಹೋಗುವುದೆಂದು ಹೇಳಿದ ಮಾತ್ರಕ್ಕೆ ಆ ರಾತ್ರಿ ಮೂರನೆಯ ಸ್ಥಾನವನ್ನು ಕಳೆದುಕೊಂಡವನಿಗೆ ಅದು ಮರಳಿ ಬಾರದು. ಅದಕ್ಕಾಗಿಯೇ ದೊಡ್ಡ ಬಹುಮಾನದ ಓಟಗಳಲ್ಲಿ ಇಂದಿಗೂ ಮನುಷ್ಯರನ್ನು ಪಂಚರನ್ನಾಗಿ ಕೂರಿಸುತ್ತಾರೆ. ಓಟದ ಅಚ್ಚಳಿಯದ ದಾಖಲೆಯನ್ನು ಮತ್ತೆ ಓಡಿಸಿ ನೋಡಿ ಅವರು ತೀರ್ಪು ಹೇಳುತ್ತಾರೆ. ಸಾಧಾರಣ ಓಟದಲ್ಲಿಯೂ ಆ ದಾಖಲೆಯನ್ನು ಜೋಡಿಸಿ ಮೊರೆಯಿಡುವ ಸೌಕರ್ಯ ಕೆಲವು ಕಡೆ ಇದೆ.

ಇಷ್ಟನ್ನೂ ಆ ಹುಡುಗನನ್ನು ಕರೆದು ಹೇಳಿದೆ. ಅವನು ಐದೂವರೆ ಮೀಟರಿನ ಲೆಕ್ಕವನ್ನು ತಾನೇ ಮಾಡಿ ನೋಡಿ ಒಪ್ಪಿದನು. ಮಿಕ್ಕುದನ್ನು ಒಪ್ಪಿದನೋ ಇಲ್ಲವೋ ಹೇಳಲಿಲ್ಲ.

ಡಿಸೆಂಬರಿನಲ್ಲಿ ನಮ್ಮ ವಾರ್ಷಿಕ ಕ್ರೀಡೆಗಳು ನಡೆದಾಗ 400 ಮೀಟರ್ ಓಟದ ಎರಡನೆಯ ತಿರುವಿನ ಬಳಿ ಗೆರೆ ಕಾಯಲು ಅವನ ಕೈಗೆ ಒಂದು ಹಳದಿ ಬಾವುಟವನ್ನು ಕೊಟ್ಟು ನಿಲ್ಲಿಸಿದೆ. ಓಟದಲ್ಲಿ ತಪ್ಪು ಕಂಡರೆ ಬಾವುಟ ಎತ್ತುವುದು ಪದ್ಧತಿ. ಎಂಟನೆಯ ಇಯತ್ತೆಯ ಓಟದಲ್ಲಿ ಹುಡುಗನೊಬ್ಬನು ಸೀಮೆಸುಣ್ಣದ ಗೆರೆಯನ್ನು ತುಳಿದು ಎರಡು ಹೆಜ್ಜೆ ಒಳಕ್ಕೆ ಓಡಿದನು, ಬಾವುಟ ಮೇಲೆದ್ದಿತು. ನಾನು ಹತ್ತಿರ ಹೋಗಿ ಏನಾಯಿತೆಂದು ಕೇಳಿದೆ.

"ಗೆರೆ ತುಳಿದ, ಸರ್," ಎಂದನು. ಸ್ವಲ್ಪ ತಡೆದು, "ಆದರೆ ಪಕ್ಕದವನ ಮೊಣಕೈ ತಗಲಿತು. ನಾನು ಕಂಡೆ. ಲಾಭವೇನೂ ಆಗಲಿಲ್ಲ, ಹಿಂದೆಯೇ ಬಿದ್ದ," ಎಂದನು.

ಪರರು ತಳ್ಳಿದುದರಿಂದ ಗೆರೆ ತುಳಿದು, ಅದರಿಂದ ಲಾಭ ಪಡೆಯದವನನ್ನು ಹೊರಗೆ ಹಾಕಕೂಡದೆಂದು ಅಂತರರಾಷ್ಟ್ರೀಯ ಓಟದ ನಿಯಮದಲ್ಲಿಯೇ ಇದೆ. ಇದನ್ನು ನಾನು ಅವನಿಗೆ ಮೊದಲೇ ಹೇಳಿರಲಿಲ್ಲ. ಬಾವುಟವನ್ನು ಇಳಿಸಬಹುದೆಂದೆ. ಅವನು ಅದನ್ನು ಇಳಿಸಿ, ಮುಂದಿನ ಸರದಿಯ ಓಟಗಾರರು ಗೆರೆಗೆ ಬರುತ್ತಿದ್ದುದನ್ನು ನೋಡಿ, ಮಾಸಿದ ಕಡೆಯಲ್ಲಿ ಹೊಸ ಸುಣ್ಣವನ್ನು ಹಾಕಬೇಕೆಂದು ಕೇಳಿದನು.